ಹ್ಯಾಂಡಿಯೋ, ಎಚ್‌ಎಫ್ ರಿಗ್ಗೋ? ಹೊಸ ಹ್ಯಾಮ್‌ಗಳ ಮುಂದಿರುವ ಆಯ್ಕೆಗಳು

"ಪರೀಕ್ಷೆ ಪಾಸಾಯಿತು, ಕಾಲ್‌ಸೈನ್ ಬಂತು. ಈಗ ಯಾವ ಸೆಟ್ ತಗೊಳ್ಳಲಿ?" ಪರವಾನಗಿ ಪಡೆದು ಸ್ವಂತ ಸೆಟ್‌ನಲ್ಲಿ ಮಾತಾಡುವ ಹವ್ಯಾಸಿ ರೇಡಿಯೋಗೆ ಹೊಸದಾಗಿ ಕಾಲಿಟ್ಟವರೆಲ್ಲ ಕೇಳುವ ಪ್ರಶ್ನೆ ಇದು. (ಇಂಥ ಹವ್ಯಾಸಿಗೆ ಹ್ಯಾಮ್ ಅನ್ನುತ್ತಾರೆ, ರೇಡಿಯೋದಲ್ಲಿ ಅವರ ಗುರುತಿನ ಹೆಸರೇ ಕಾಲ್‌ಸೈನ್.) ನಾನೂ ಕೇಳಿದ್ದೆ. ಉತ್ತರ ಹೇಳಬೇಕಿದ್ದ ಹಿರಿಯ ಹ್ಯಾಮ್ ನನ್ನನ್ನೇ ತಿರುಗಿ ಕೇಳಿದರು: "ಆಂಟೆನಾ ಎಲ್ಲಿ ಕಟ್ತೀಯಾ?" ಮಾತು ಹಾರಿಸುತ್ತಿದ್ದಾರೆ ಅಂದುಕೊಂಡೆ. ಎಚ್‌ಎಫ್ (ದೂರ ಹೋಗುವ ಶಾರ್ಟ್‌ವೇವ್ ಆವರ್ತನಗಳ) ಸೆಟ್ ಕೊಂಡು, ಬಾಲ್ಕನಿಯ ಕಂಬಿಗೆ ಗಿಡ್ಡ ವಿಪ್ ಆಂಟೆನಾ ಸಿಕ್ಕಿಸಿ, ಮೂರು ತಿಂಗಳು ಬರೀ ಗುಂಯ್‌ಗುಟ್ಟುವ ಸದ್ದು ಕೇಳಿದ ಮೇಲೆ ಅವರು ಕೇಳಿದ್ದು ಯಾಕೆಂದು ಗೊತ್ತಾಯಿತು.

ಹಾಗಾಗಿ ಸೆಟ್‌ಗಳ ಹೆಸರಿಗೆ ಬರುವ ಮುಂಚೆ ಯಾವುದನ್ನು ಇಟ್ಟುಕೊಂಡು ಅಳೆಯಬೇಕು ಅನ್ನುವುದನ್ನು ಮುಗಿಸಿಬಿಡೋಣ.

ಅಳತೆಗೋಲು ಯಾವುದು?

ಮೊದಲನೆಯದು ಜಾಗ. ಅರ್ಧ ತರಂಗಾಂತರದ ಡೈಪೋಲ್ ಆಂಟೆನಾಕ್ಕೆ ಎಷ್ಟು ಉದ್ದದ ತಂತಿ ಬೇಕೆಂದು ತಿಳಿಯಲು 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಸಾಕು, ಉತ್ತರ ಮೀಟರ್‌ನಲ್ಲಿ ಬರುತ್ತದೆ. 7.1ಕ್ಕೆ ಸುಮಾರು 20 ಮೀಟರ್, 14.2ಕ್ಕೆ 10 ಮೀಟರ್, 28.5ಕ್ಕೆ 5 ಮೀಟರ್. 145ಕ್ಕೆ ಒಂದು ಮೀಟರ್ ಅಷ್ಟೇ. ಟೇಪ್ ಹಿಡಿದು ಮನೆಯ ಸುತ್ತ ಒಂದು ಸುತ್ತು ಬಂದರೆ ಯಾವ ಬ್ಯಾಂಡ್ ನಿಮ್ಮದು ಅನ್ನುವ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಜಾಗವೆಂದರೆ ಬರೀ ಉದ್ದವಲ್ಲ, ಗದ್ದಲವೂ ಹೌದು. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಸೋಲಾರ್ ಇನ್ವರ್ಟರ್ ಇವೆಲ್ಲ ಎಚ್‌ಎಫ್‌ನಲ್ಲಿ ಸದ್ದು ಹರಡುತ್ತವೆ. ಬ್ಯಾಟರಿಯ ಚಿಕ್ಕ ಶಾರ್ಟ್‌ವೇವ್ ರೇಡಿಯೋ ಹಿಡಿದು ಮನೆಯೊಳಗೂ ಹೊರಗೂ ಓಡಾಡಿದರೆ ಎಲ್ಲಿ ಗಲಾಟೆ ಹೆಚ್ಚು, ಎಲ್ಲಿ ಕಡಿಮೆ ಎಂದು ಕಿವಿಗೇ ಗೊತ್ತಾಗುತ್ತದೆ.

ಎರಡನೆಯದು, ನಿಮಗೆ ಮಾತಾಡಬೇಕಿರುವುದು ಯಾರ ಜೊತೆ? ಊರಿನ ನಾಲ್ಕು ಗೆಳೆಯರ ಜೊತೆ ಸಂಜೆ ಹರಟೆಯೋ, ಸಮುದ್ರದಾಚೆಯ ಅಪರಿಚಿತರೋ, ಬೆಟ್ಟದ ತುದಿಯಿಂದ ಹತ್ತು ನಿಮಿಷದ ಸಂಪರ್ಕವೋ? ಮೂರಕ್ಕೂ ಬೇರೆ ಬೇರೆ ಸೆಟ್ ಬೇಕು.

ಮೂರನೆಯದು ಸಮಯ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. (ಬ್ಯಾಂಡ್‌ಗಳನ್ನು ತಂತಿಯ ಉದ್ದದಿಂದಲ್ಲ, ಪೂರ್ತಿ ತರಂಗಾಂತರದಿಂದ ಕರೆಯುತ್ತಾರೆ: 7 ಮೆಗಾಹರ್ಟ್ಸ್‌ನದ್ದು 40 ಮೀಟರ್, 14ರದ್ದು 20, 28ರದ್ದು 10.) 20 ಮೀಟರ್ ಬ್ಯಾಂಡ್ ಮುಖ್ಯವಾಗಿ ಹಗಲಿನದ್ದು. 40 ಮೀಟರ್ ಹಗಲಲ್ಲಿ ಕೆಲವು ನೂರು ಕಿಲೋಮೀಟರ್‌ಗಳಿಗೆ ಒದಗಿ, ಕತ್ತಲಾದ ಮೇಲೆ ಖಂಡ ದಾಟುತ್ತದೆ. ಕಾರಣ ಅಯಾನುಗೋಳದ ಡಿ ಪದರ. ಬಿಸಿಲಿದ್ದಾಗ ಅದು ಕೆಳಗಿನ ಆವರ್ತನಗಳನ್ನು ನುಂಗುತ್ತದೆ, ಸೂರ್ಯ ಮುಳುಗಿದ ಮೇಲೆ ಕರಗಿ ಮೇಲಿನ ಎಫ್ ಪದರಕ್ಕೆ ದಾರಿ ಬಿಡುತ್ತದೆ. ರಾತ್ರಿ ಒಂಬತ್ತರ ಮೇಲಷ್ಟೇ ಬಿಡುವಿರುವವರು 10 ಮೀಟರ್‌ಗೆಂದೇ ಸೆಟ್ ಕೊಂಡರೆ ಬಹುಪಾಲು ದಿನ ಖಾಲಿ ಬ್ಯಾಂಡ್ ಕೇಳುತ್ತ ಕೂರಬೇಕಾಗುತ್ತದೆ.

ನಾಲ್ಕನೆಯದು ಹಣ. ಒಟ್ಟು ಎಷ್ಟು ಅನ್ನುವುದಕ್ಕಿಂತ ಹೇಗೆ ಹಂಚುತ್ತೀರಿ ಅನ್ನುವುದು ಇಲ್ಲಿ ಮುಖ್ಯ. ಇಟ್ಟುಕೊಂಡ ದುಡ್ಡಿನಲ್ಲಿ ಮೂರನೇ ಒಂದು ಪಾಲನ್ನು ಆಂಟೆನಾ, ಕೇಬಲ್, ಕನೆಕ್ಟರ್‌ಗೆಂದು ಬೇರೆ ತೆಗೆದಿಡಿ, ಉಳಿದದ್ದರಲ್ಲಿ ಸೆಟ್ ಹುಡುಕಿ. ಎಲ್ಲವನ್ನೂ ಸೆಟ್ಟಿಗೇ ಸುರಿದವರ ಸಾಲಿನಲ್ಲಿ ನಾನೂ ಇದ್ದೆ.

ಕೊಳ್ಳುವ ಮುನ್ನ ಕೇಳಿ

ಬಿಡಿಗಾಸು ಖರ್ಚಿಲ್ಲದ ದಾರಿ ಒಂದಿದೆ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವ ವೆಬ್‌ಎಸ್‌ಡಿಆರ್ ರಿಸೀವರನ್ನು ಯಾರು ಬೇಕಾದರೂ ಬ್ರೌಸರ್‌ನಲ್ಲಿ ತೆರೆದು ತಿರುಗಿಸಬಹುದು. ಜಗತ್ತಿನಾದ್ಯಂತ ಹರಡಿರುವ ಕಿವಿಎಸ್‌ಡಿಆರ್ ಎಂಬ ರಿಸೀವರ್‌ಗಳೂ ಹಾಗೆಯೇ. ಯುಎಸ್‌ಬಿಗೆ ಸಿಕ್ಕಿಸುವ ಆರ್‌ಟಿಎಲ್‌-ಎಸ್‌ಡಿಆರ್ ಡಾಂಗಲ್ ಕೊಂಡರೆ ನಿಮ್ಮ ಸ್ವಂತ ಆಂಟೆನಾ ಏನು ಹಿಡಿಯುತ್ತದೆ ಎಂದೂ ನೋಡಬಹುದು. ಕೇಳುವುದಕ್ಕೆ ಬಹಳಷ್ಟು ದೇಶಗಳಲ್ಲಿ ಪರವಾನಗಿ ಬೇಡ, ಆದರೂ ನೀವಿರುವ ಕಡೆಯ ನಿಯಮ ಒಮ್ಮೆ ನೋಡಿಕೊಳ್ಳಿ. ಪ್ರಸಾರಕ್ಕಂತೂ ಎಲ್ಲ ಕಡೆಯೂ ಪರವಾನಗಿ ಬೇಕೇ ಬೇಕು.

ಕೇಳಲು ಕೂತಾಗ 14.100 ಮೆಗಾಹರ್ಟ್ಸ್‌ಗೆ ತಿರುಗಿಸಿ. ಬೇರೆ ಬೇರೆ ದೇಶಗಳ 18 ಬೀಕನ್‌ಗಳು (ತಾವಾಗೇ ಸಂಕೇತ ಕಳಿಸುವ ಸ್ಟೇಷನ್‌ಗಳು) ಸರದಿಯ ಮೇಲೆ ತಲಾ 10 ಸೆಕೆಂಡ್ ಅಲ್ಲಿ ಬರುತ್ತವೆ, ಮೂರು ನಿಮಿಷಕ್ಕೆ ಒಂದು ಸುತ್ತು. ಪ್ರತಿ ಬೀಕನ್ ತನ್ನ ಕಾಲ್‌ಸೈನನ್ನು ಮೋರ್ಸ್‌ನಲ್ಲಿ ಕಳಿಸಿ, ಆಮೇಲೆ 100 ವ್ಯಾಟ್, 10 ವ್ಯಾಟ್, 1 ವ್ಯಾಟ್, ಕೊನೆಗೆ 0.1 ವ್ಯಾಟ್‌ನಲ್ಲಿ ಒಂದೊಂದು ಉದ್ದ ಗೆರೆ, ಅಂದರೆ ಉದ್ದನೆಯ ಪೀಂ ಸದ್ದು, ಎಳೆಯುತ್ತದೆ. ಬ್ಯಾಂಡ್ ಚೆನ್ನಾಗಿರುವ ದಿನ ಆ ಒಂದು ವ್ಯಾಟ್‌ನ ಗೆರೆಯೂ ಕೇಳಿಸುತ್ತದೆ. ಕೆಟ್ಟಿರುವ ದಿನ ನೂರು ವ್ಯಾಟೂ ಕೇಳಿಸುವುದಿಲ್ಲ. ವ್ಯಾಟ್‌ಗಳ ವಿಷಯದಲ್ಲಿ ನಾನು ಮುಂದೆ ಹೇಳುವುದನ್ನು ನಂಬದಿದ್ದರೆ ಇದನ್ನು ಎರಡು ದಿನ ಕೇಳಿ ನೋಡಿ.

ಕೈಯಲ್ಲಿ ಹಿಡಿಯುವ ಹ್ಯಾಂಡಿ

ಬಹುತೇಕರ ಮೊದಲ ಸೆಟ್ ಇದೇ. 2 ಮೀಟರ್ ಮತ್ತು 70 ಸೆಂಟಿಮೀಟರ್ ಬ್ಯಾಂಡ್‌ಗಳು, ಸುಮಾರು 5 ವ್ಯಾಟ್, ಎಫ್‌ಎಂ. ಎಲ್ಲಕ್ಕಿಂತ ಅಗ್ಗ. ಆದರೆ ಈ ಆವರ್ತನಗಳು ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರಕ್ಕೇ ಹೋಗುತ್ತವೆ. ಬಟ್ಟಬಯಲಿನಲ್ಲಿ ಇಬ್ಬರು ನಿಂತು ಮಾತಾಡಿದರೆ ಲೆಕ್ಕದ ಪ್ರಕಾರ ಹತ್ತು ಕಿಲೋಮೀಟರ್. ಕಟ್ಟಡಗಳ ನಡುವೆ ಅದರ ಕಾಲು ಭಾಗ ಸಿಕ್ಕರೂ ಪುಣ್ಯ. ಎತ್ತರದಲ್ಲಿ ಕೂತ ರಿಪೀಟರ್ ನಿಮ್ಮ ದನಿಯನ್ನು ಎತ್ತಿ ಮರುಪ್ರಸಾರ ಮಾಡಿದರೆ ಮಾತ್ರ ದೂರ ಬೆಳೆಯುತ್ತದೆ. ಅಂದರೆ ನಿಮ್ಮ ಸುತ್ತ ಜೀವಂತ ರಿಪೀಟರ್ ಇದ್ದರೆ ಹ್ಯಾಂಡಿ ಸಾರ್ಥಕ, ಇಲ್ಲದಿದ್ದರೆ ಡ್ರಾಯರ್ ಸೇರುತ್ತದೆ. ಕೊಳ್ಳುವ ಮೊದಲು ಯಾರ ಹ್ಯಾಂಡಿಯನ್ನಾದರೂ ಎರವಲು ಪಡೆದು ಒಂದು ವಾರ ಸಂಜೆ ಹೊತ್ತು ಕೇಳಿ. ರಿಪೀಟರ್ ಇದೆಯೇ ಅನ್ನುವುದು ಒಂದು, ಅದರಲ್ಲಿ ಮಾತಾಡುವವರು ಇದ್ದಾರೆಯೇ ಅನ್ನುವುದು ಇನ್ನೊಂದು.

ಹ್ಯಾಂಡಿಯಿಂದ ದೂರ ಹೋಗಬೇಕೆಂದರೆ ಉಪಗ್ರಹವಿದೆ. ಹವ್ಯಾಸಿಗಳೇ ಕಟ್ಟಿದ ಮೊದಲ ಉಪಗ್ರಹ ಆಸ್ಕರ್ 1 ಹಾರಿದ್ದು 1961ರ ಡಿಸೆಂಬರ್ 12ರಂದು. ಇಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೇ ಹವ್ಯಾಸಿ ರಿಪೀಟರ್ ಇದೆ. ಒಂದೇ ದಿಕ್ಕಿಗೆ ಗುರಿಯಿಡುವ, ಕೈಯಲ್ಲಿ ಹಿಡಿಯುವ ಚಿಕ್ಕ ಯಾಗಿ ಆಂಟೆನಾ ಜೋಡಿಸಿ, ಅದು ತಲೆಯ ಮೇಲೆ ಹಾಯುವ ಸುಮಾರು ಹತ್ತು ನಿಮಿಷದಲ್ಲಿ ಸಾವಿರ ಕಿಲೋಮೀಟರ್ ಆಚೆಯವರ ಜೊತೆ ಕಾಲ್‌ಸೈನ್ ಬದಲಿಸಿಕೊಳ್ಳಬಹುದು. ಹರಟೆಗೆ ಸಮಯವಿರುವುದಿಲ್ಲ, ಮಜಾ ಮಾತ್ರ ಬೇರೆಯೇ.

ಡಿಎಂಆರ್, ಡಿ-ಸ್ಟಾರ್, ಸಿಸ್ಟಂ ಫ್ಯೂಷನ್ ಎಂಬ ಡಿಜಿಟಲ್ ಹ್ಯಾಂಡಿಗಳ ಬಗ್ಗೆ ಒಂದೇ ಮಾತು: ಇವು ಒಂದಕ್ಕೊಂದು ನೇರವಾಗಿ ಮಾತಾಡುವುದಿಲ್ಲ. ಹತ್ತಿರದ ರಿಪೀಟರ್ ಯಾವುದೋ ಅದನ್ನೇ ಕೊಳ್ಳಿ.

ಮೊಬೈಲ್ ಸೆಟ್ಟನ್ನು ಮನೆಯಲ್ಲಿಟ್ಟರೆ

ಕಾರಿಗೆಂದು ಮಾಡಿದ 50 ವ್ಯಾಟ್‌ನ ವಿಎಚ್‌ಎಫ್ (2 ಮೀಟರ್ ಬ್ಯಾಂಡಿನ) ಸೆಟ್ಟನ್ನು ಮೇಜಿನ ಮೇಲಿಟ್ಟು, ಪವರ್ ಸಪ್ಲೈ ಕೊಟ್ಟು, ಛಾವಣಿಯ ಮೇಲೊಂದು ಆಂಟೆನಾ ನಿಲ್ಲಿಸುವುದು ಹ್ಯಾಂಡಿಗಿಂತ ಒಂದು ಮೆಟ್ಟಿಲು ಮೇಲೆ. ಊರಿನ ಗೆಳೆಯರ ಹರಟೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಎಡವುವುದು ಕೇಬಲ್ಲಿನಲ್ಲಿ. ಆರ್‌ಜಿ-58 ಎಂಬ ತೆಳು ಕೋಆಕ್ಸ್ ಕೇಬಲ್ ಹದಿನೈದು ಮೀಟರ್ ಎಳೆದರೆ 145 ಮೆಗಾಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಶಕ್ತಿ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ದಪ್ಪನೆಯ ಆರ್‌ಜಿ-213 ಹಾಕಿದರೆ ನಷ್ಟ ಅರ್ಧಕ್ಕೂ ಕೆಳಗಿಳಿಯುತ್ತದೆ. 7 ಮೆಗಾಹರ್ಟ್ಸ್‌ನಲ್ಲಾದರೆ ಅದೇ ತೆಳು ಕೇಬಲ್ ಸಾಕು, ಅಲ್ಲಿ ನಷ್ಟ ಅಷ್ಟಿಲ್ಲ.

ಎಚ್‌ಎಫ್: ಐದು ವ್ಯಾಟೋ, ನೂರು ವ್ಯಾಟೋ?

ಹೆಚ್ಚು ಜನ ಒದ್ದಾಡುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಕಡೆ ಕ್ಯೂಆರ್‌ಪಿ, ಅಂದರೆ ಅಲ್ಪಶಕ್ತಿಯ ಸೆಟ್‌ಗಳು. ಮೋರ್ಸ್‌ನಲ್ಲಿ 5 ವ್ಯಾಟ್, ದನಿಯಲ್ಲಿ 10 ವ್ಯಾಟ್ ಎಂಬುದು ರೂಢಿಯ ಮಿತಿ. ಯಾಯೆಸು ಕಂಪನಿಯ ಹಳೆಯ ಎಫ್‌ಟಿ-817, 818ಗಳು, 2020ರಲ್ಲಿ ಬಂದ ಐಕಾಂ ಐಸಿ-705 ಈ ಸಾಲಿನವು. ಶೆಗುವಿನ ಜಿ90, 20 ವ್ಯಾಟ್ ಕೊಟ್ಟು ನಡುವೆ ನಿಲ್ಲುತ್ತದೆ. ಇನ್ನೊಂದು ಕಡೆ 100 ವ್ಯಾಟ್‌ನ ಮೇಜಿನ ರಿಗ್‌ಗಳು. 2016ರ ಐಕಾಂ ಐಸಿ-7300 ಇವುಗಳಲ್ಲಿ ಮನೆಮಾತು. ಬಂದ ಸಂಕೇತವನ್ನು ನೇರವಾಗಿ ಡಿಜಿಟಲ್ ಮಾಡಿ, ಇಡೀ ಬ್ಯಾಂಡನ್ನು ಜಲಪಾತದಂತೆ ಪರದೆಯ ಮೇಲೆ ಇಳಿಸುತ್ತದೆ. ಯಾರು ಎಲ್ಲಿ ಮಾತಾಡುತ್ತಿದ್ದಾರೆಂದು ಹುಡುಕಬೇಕಿಲ್ಲ, ಕಾಣುತ್ತದೆ.

ನೂರಕ್ಕೂ ಐದಕ್ಕೂ ಇಪ್ಪತ್ತು ಪಟ್ಟು ವ್ಯತ್ಯಾಸ. ಡೆಸಿಬಲ್‌ಗೆ ತಿರುಗಿಸಿದರೆ ಅದು 13. ಕೇಳುವವರ ಸೆಟ್ಟಿನಲ್ಲಿ ಸಂಕೇತದ ಬಲ ತೋರಿಸುವ ಎಸ್ ಮೀಟರಿನಲ್ಲಿ ಒಂದು ಅಂಕಕ್ಕೆ 6 ಡೆಸಿಬಲ್, ಹಾಗಾಗಿ ಅವರಿಗೆ ಕಾಣುವುದು ಎರಡು ಅಂಕದ ಇಳಿತ ಅಷ್ಟೇ. ನೂರು ವ್ಯಾಟ್‌ನಲ್ಲಿ ಎಸ್8 ಇದ್ದವರು ಐದು ವ್ಯಾಟ್‌ನಲ್ಲಿ ಎಸ್6 ಆಗುತ್ತಾರೆ. ಆರಾಮಾಗಿ ಕೇಳಿಸುತ್ತದೆ. ಆದರೆ ನೂರರಲ್ಲಿ ಎಸ್3 ಇದ್ದವರು ಐದರಲ್ಲಿ ಗದ್ದಲದೊಳಗೆ ಮುಳುಗುತ್ತಾರೆ. ಅಂಚಿನಲ್ಲಿರುವ ಸಂಪರ್ಕಗಳಲ್ಲೇ ವ್ಯಾಟ್ ಕೆಲಸಕ್ಕೆ ಬರುವುದು. ಗದ್ದಲದ ನಡುವೆ ದನಿಯಲ್ಲೇ ಮಾತಾಡಬೇಕು ಎನ್ನುವವರಿಗೆ ಅಂಥ ಅಂಚಿನ ಸಂಪರ್ಕಗಳೇ ಜಾಸ್ತಿ.

ದನಿಯ ಹಟ ಬಿಟ್ಟರೆ ಲೆಕ್ಕ ಬದಲಾಗುತ್ತದೆ. ಎಚ್‌ಎಫ್‌ನಲ್ಲಿ ಮಾತಿಗೆ ಬಳಸುವ ಎಸ್‌ಎಸ್‌ಬಿ ವಿಧಾನದ ದನಿ ಎರಡೂವರೆ, ಮೂರು ಕಿಲೋಹರ್ಟ್ಸ್ ಅಗಲ ಹಿಡಿಯುತ್ತದೆ. ಮೋರ್ಸ್‌ಗೆ ನೂರೈವತ್ತು ಹರ್ಟ್ಸ್ ಸಾಕು. 2017ರಲ್ಲಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ ರೂಪಿಸಿದ ಎಫ್‌ಟಿ8 ಎಂಬ ಡಿಜಿಟಲ್ ವಿಧಾನಕ್ಕೆ ಐವತ್ತೇ ಹರ್ಟ್ಸ್. 15 ಸೆಕೆಂಡಿನ ಸರದಿಯಲ್ಲಿ ಕಂಪ್ಯೂಟರ್‌ಗಳೇ ಮಾತಾಡಿಕೊಳ್ಳುತ್ತವೆ, ಕಿವಿಗೆ ಏನೂ ಕೇಳಿಸದ ಸಂಕೇತವನ್ನೂ ಬಿಡಿಸುತ್ತವೆ. (ಈ ಟೇಲರ್, ಜೋಡಿ ನಕ್ಷತ್ರದಲ್ಲಿರುವ ಪಲ್ಸಾರ್ ಅಂದರೆ ರೇಡಿಯೋ ಮಿಡಿತ ಕಳಿಸುವ ನಕ್ಷತ್ರವನ್ನು ಕಂಡುಹಿಡಿದದ್ದಕ್ಕೆ 1993ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಆಕಾಶದ ಕ್ಷೀಣ ಸದ್ದು ಹೆಕ್ಕುವ ವಿದ್ಯೆ ಹ್ಯಾಮ್‌ಗಳಿಗೂ ಒದಗಿತು.) ಕೆಟ್ಟ ಜಾಗ, ಗಿಡ್ಡ ಆಂಟೆನಾ, ಅಲ್ಪಶಕ್ತಿ ಇರುವವರಿಗೆ ಎಫ್‌ಟಿ8 ನಿಜಕ್ಕೂ ವರ. ಆದರೆ ಅದರಲ್ಲಿ ಮಾತುಕತೆ ಇಲ್ಲ, ಕಾಲ್‌ಸೈನ್, ಜಾಗ, ಸಂಕೇತದ ಬಲ, ಮುಗಿಯಿತು. ನನಗೆ ಅದು ಬೇಗ ಬೇಜಾರು ತರಿಸಿತು. ಅದರಲ್ಲೇ ವರ್ಷಗಟ್ಟಲೆ ಖುಷಿಯಾಗಿರುವ ಗೆಳೆಯರೂ ಇದ್ದಾರೆ. ಮೋರ್ಸ್ ಕಲಿಯಲು ತಿಂಗಳುಗಳು ಬೇಕು. ಪರವಾನಗಿಗೆ ಅದು ಕಡ್ಡಾಯವಾಗಬೇಕೆಂಬ ಅಂತರರಾಷ್ಟ್ರೀಯ ನಿಯಮ 2003ರಲ್ಲೇ ಹೋಯಿತು. ಆದರೂ ಕಡಿಮೆ ಖರ್ಚಿನಲ್ಲಿ ಅತಿ ದೂರ ಹೋಗಲು ಅದನ್ನು ಮೀರಿಸಿದ್ದಿಲ್ಲ. ಒಂದೇ ಬ್ಯಾಂಡಿನ ಮೋರ್ಸ್ ಕಿಟ್ ತಂದು ಬೆಸುಗೆ ಹಾಕಿಕೊಂಡರೆ ಹ್ಯಾಂಡಿಯ ಆಸುಪಾಸಿನ ದುಡ್ಡಿಗೇ ಖಂಡಾಂತರ ಸಂಪರ್ಕ ಸಿಗುತ್ತದೆ.

ಹೊರಗೆ ಕೊಂಡೊಯ್ಯುವವರು ಕರೆಂಟಿನ ಲೆಕ್ಕವನ್ನೂ ನೋಡಬೇಕು. 100 ವ್ಯಾಟ್‌ನ ರಿಗ್ ಪ್ರಸಾರದ ಹೊತ್ತಿನಲ್ಲಿ 13.8 ವೋಲ್ಟ್‌ನಲ್ಲಿ 20 ಆಂಪಿಯರ್ ಆಸುಪಾಸು ಎಳೆಯುತ್ತದೆ. ಐದು ವ್ಯಾಟ್‌ನದ್ದಕ್ಕೆ ಎರಡು ಆಂಪಿಯರ್ ಸಾಕು, ಚೀಲದಲ್ಲಿ ಹಿಡಿಯುವ ಲಿಥಿಯಂ ಬ್ಯಾಟರಿಯಲ್ಲಿ ಇಡೀ ಬೆಳಗ್ಗೆ ಕಳೆಯುತ್ತದೆ.

ನನ್ನ ತೀರ್ಮಾನ ಹೀಗೆ: ಮನೆಯಲ್ಲೇ ಕೂತು ದನಿಯಲ್ಲಿ ಮಾತಾಡುವವರಿಗೆ 100 ವ್ಯಾಟ್. ನೂರರ ರಿಗ್ಗನ್ನು ಐದಕ್ಕೆ ಇಳಿಸಬಹುದು, ಐದನ್ನು ನೂರಕ್ಕೆ ಏರಿಸಲು ಆಂಪ್ಲಿಫೈಯರ್ ಕೊಳ್ಳಬೇಕು. ಹೊರಗೆ ಹೋಗುವವರಿಗೆ, ಮೋರ್ಸ್ ಅಥವಾ ಎಫ್‌ಟಿ8 ಒಪ್ಪುವವರಿಗೆ ಕ್ಯೂಆರ್‌ಪಿ.

ಇನ್ನೊಂದು ಎಚ್ಚರಿಕೆ, 10 ಮೀಟರ್‌ನ ಏಕ ಬ್ಯಾಂಡ್ ಸೆಟ್‌ಗಳ ಬಗ್ಗೆ. ಆ ಬ್ಯಾಂಡ್ ಸೂರ್ಯನ ಕಲೆಗಳನ್ನು ನಂಬಿದೆ. 2019ರ ಡಿಸೆಂಬರ್‌ನಲ್ಲಿ ಶುರುವಾದ 25ನೇ ಸೌರಚಕ್ರ 2024ರ ಹೊತ್ತಿಗೆ ತುತ್ತತುದಿ ಮುಟ್ಟಿತು, ಆಗ 10 ಮೀಟರ್‌ನಲ್ಲಿ ಜಾತ್ರೆ. ಚಕ್ರ ಸುಮಾರು ಹನ್ನೊಂದು ವರ್ಷದ್ದು, ಮುಂದಿನದ್ದು ಇಳಿಜಾರು. ಈಗ ಕೊಳ್ಳುವವರು 40 ಮತ್ತು 20 ಮೀಟರ್ ಇರುವ ಸೆಟ್ಟನ್ನೇ ನೋಡುವುದು ಲೇಸು.

ಹಳೆಯ ಸೆಟ್ ಅಗ್ಗವಾಗಿ ಸಿಕ್ಕರೆ? ಒಳ್ಳೆಯದೇ, ಆದರೆ ಡಮ್ಮಿ ಲೋಡ್ (ಆಂಟೆನಾ ಬದಲು ಜೋಡಿಸಿ ಶಕ್ತಿಯನ್ನು ಬಿಸಿಯಾಗಿಸುವ ಪರೀಕ್ಷಾ ಸಾಧನ) ಜೋಡಿಸಿ ಪ್ರತಿ ಬ್ಯಾಂಡಿನಲ್ಲೂ ಎಷ್ಟು ವ್ಯಾಟ್ ಬರುತ್ತದೆಂದು ಅಳೆಯದೆ ದುಡ್ಡು ಕೊಡಬೇಡಿ. ಸೊಗಸಾಗಿ ಕೇಳಿಸುತ್ತಿದ್ದ ಸೆಟ್ಟೊಂದನ್ನು ನಾನು ಮನೆಗೆ ತಂದ ಮೇಲೆ ಎರಡು ಬ್ಯಾಂಡ್‌ಗಳಲ್ಲಿ ಅದು ಒಂದು ವ್ಯಾಟೂ ಹೊರಡಿಸುವುದಿಲ್ಲ ಎಂದು ಗೊತ್ತಾಯಿತು. ರಿಪೇರಿಗೆ ಕೊಟ್ಟದ್ದನ್ನು ಸೇರಿಸಿದರೆ ಹೊಸದೇ ಬರುತ್ತಿತ್ತು.

ಆಂಟೆನಾ: ತಂತಿಯೋ, ಕಂಬವೋ, ಬಳೆಯೋ

ಎರಡು ಮರ ಅಥವಾ ಕಂಬ ಇದ್ದರೆ ಡೈಪೋಲ್. ನಡುವೆ ಬಾಲನ್ (ಕೇಬಲ್ಲನ್ನು ತಂತಿಗೆ ಹೊಂದಿಸುವ ಸಾಧನ), ಎರಡು ಕಡೆ ತಂತಿ, ಅಗ್ಗ ಮತ್ತು ಪ್ರಾಮಾಣಿಕ. ಕೇಬಲ್ ನಡುವಿನಿಂದ ಇಳಿಯಬೇಕು ಅನ್ನುವುದೇ ಅದರ ತೊಡಕು. ಒಂದು ತುದಿಯಿಂದಷ್ಟೇ ಕೊಡಲು ಅನುಕೂಲವಿದ್ದರೆ 49:1 ಟ್ರಾನ್ಸ್‌ಫಾರ್ಮರಿನ ಎಂಡ್‌ಫೆಡ್. 20 ಮೀಟರ್ ಉದ್ದದ ಒಂದೇ ತಂತಿ 40, 20, 15, 10 ಮೀಟರ್ ಬ್ಯಾಂಡ್‌ಗಳಲ್ಲಿ ಕೆಲಸ ಮಾಡುತ್ತದೆ. ಆ ಬಾಲ್ಕನಿ ವಿಪ್ ಕಿತ್ತು ಇದನ್ನು ಛಾವಣಿಯಿಂದ ಮರಕ್ಕೆ ಎಳೆದ ಸಂಜೆಯೇ ನನ್ನ ಮೊದಲ ವಿದೇಶಿ ಸಂಪರ್ಕವಾಯಿತು. ಸೆಟ್ ಅದೇ, ವ್ಯಾಟ್ ಅವೇ.

ಉದ್ದಕ್ಕೆ ಜಾಗವಿಲ್ಲದೆ ನೆಲವಿದ್ದರೆ ನೆಟ್ಟಗಿನ ವರ್ಟಿಕಲ್. 20 ಮೀಟರ್ ಬ್ಯಾಂಡಿಗೆ ಐದು ಮೀಟರ್ ಎತ್ತರ ಸಾಕು, ಆದರೆ ಕೆಳಗೆ ಬುಡದಿಂದ ಸುತ್ತಲೂ ಹರಡುವ ರೇಡಿಯಲ್ ತಂತಿಗಳನ್ನು ಹಾಸಬೇಕು, ಅದನ್ನು ತಪ್ಪಿಸಿಕೊಂಡವರೇ ವರ್ಟಿಕಲ್ ಕೆಲಸ ಮಾಡುವುದಿಲ್ಲ ಎಂದು ದೂರುವುದು. ಏನೂ ಇಲ್ಲದ ಬಾಲ್ಕನಿಗೆ ಮ್ಯಾಗ್ನೆಟಿಕ್ ಲೂಪ್, ಒಂದು ಮೀಟರ್ ಅಡ್ಡಳತೆಯ ಬಳೆ. ಆವರ್ತನ ಚೂರು ಸರಿದರೂ ಮತ್ತೆ ಟ್ಯೂನ್ ಮಾಡಬೇಕು. ನೂರು ವ್ಯಾಟ್ ಕೊಟ್ಟರೆ ಅದರ ಕೆಪಾಸಿಟರಿನಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ, ಮಕ್ಕಳು ಮುಟ್ಟುವಲ್ಲಿ ಇಡಬೇಡಿ. ಯಾವುದನ್ನೇ ಕಟ್ಟಿದರೂ ನ್ಯಾನೋವಿಎನ್‌ಎ ಎಂಬ, ಆಂಟೆನಾ ಯಾವ ಆವರ್ತನಕ್ಕೆ ಹೊಂದಿದೆ ಎಂದು ತೋರಿಸುವ ಅಂಗೈಯಗಲದ ಅಳತೆ ಯಂತ್ರ ಜೊತೆಗಿರಲಿ. ವಿದ್ಯುತ್ ತಂತಿಗಳ ಹತ್ತಿರವಂತೂ ಯಾವ ಆಂಟೆನಾವನ್ನೂ ಎಳೆಯಲೇಬೇಡಿ.

ಕ್ಲಬ್ ಸೇರುವುದಾದರೆ

ನಿಮ್ಮ ಊರಿನ ಕ್ಲಬ್, ದೇಶದ ಸಂಘ, ಒಂದೇ ಆಸಕ್ತಿಯ ಕೂಟ, ಹೀಗೆ ಮೂರು ಬಗೆ. ದೇಶದ ಸಂಘಗಳು 1925ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟದ ಸದಸ್ಯರು. ಬ್ಯಾಂಡ್‌ಗಳನ್ನು ಉಳಿಸಿಕೊಳ್ಳುವ ಹೋರಾಟ ಅವರದ್ದು, ಸಂಪರ್ಕವಾದದ್ದಕ್ಕೆ ಸಾಕ್ಷಿಯಾದ ಕ್ಯೂಎಸ್‌ಎಲ್ ಕಾರ್ಡ್‌ಗಳನ್ನು ಕಟ್ಟುಕಟ್ಟಾಗಿ ದೇಶದಿಂದ ದೇಶಕ್ಕೆ ಸಾಗಿಸುವ ಬ್ಯೂರೋ ಕೂಡ ಸಾಮಾನ್ಯವಾಗಿ ಅವರದ್ದೇ. ಕಾರ್ಡ್ ಸಂಗ್ರಹದ ಹುಚ್ಚಿದ್ದರೆ ಅದಕ್ಕೇ ಸದಸ್ಯತ್ವ ಸಾರ್ಥಕ. 1987ರಲ್ಲಿ ಶುರುವಾದ ಫಿಸ್ಟ್ಸ್‌ನಂಥ ಮೋರ್ಸ್ ಕೂಟಗಳು ನಿಧಾನವಾಗಿ ಕೀ ಒತ್ತುವ ಹೊಸಬರನ್ನು ತಾಳ್ಮೆಯಿಂದ ಕಾಯುತ್ತವೆ. ಇವಕ್ಕೆ ಯಾವ ಊರಿನಿಂದಾದರೂ ಸೇರಬಹುದು.

ಕೈ ಹಿಡಿದು ಕಲಿಸುವುದಕ್ಕೆ ಮಾತ್ರ ಊರಿನ ಕ್ಲಬ್ಬೇ ಆಗಬೇಕು. ಚಂದಾ ಕಟ್ಟುವ ಮುಂಚೆ ಎರಡು ಮೂರು ಸಭೆಗೆ ಸುಮ್ಮನೆ ಹೋಗಿ ಬನ್ನಿ. ಕ್ಲಬ್ಬಿನ ಸ್ಟೇಷನ್ನಿನಲ್ಲಿ ಹೊಸಬರಿಗೆ ಮೈಕ್ ಸಿಗುತ್ತದೆಯೇ? ಅಳತೆ ಯಂತ್ರ, ಡಮ್ಮಿ ಲೋಡ್ ಎರವಲು ಕೊಡುತ್ತಾರೆಯೇ? ಆಂಟೆನಾ ಕಟ್ಟಲು ಭಾನುವಾರ ಇಬ್ಬರು ಬರುತ್ತಾರೆಯೇ? ಸಭೆಯೆಲ್ಲ ಪದಾಧಿಕಾರಿಗಳ ಜಗಳದಲ್ಲೇ ಮುಗಿದರೆ ಬೇರೆ ಕ್ಲಬ್ ನೋಡಿ. ಹೊಸಬರಿಗೆ ಕಲಿಸುವ ಹಿರಿಯನಿಗೆ ಹ್ಯಾಮ್‌ಗಳ ಭಾಷೆಯಲ್ಲಿ 'ಎಲ್ಮರ್' ಅನ್ನುತ್ತಾರೆ. ಅಂಥವರು ಒಬ್ಬರಿದ್ದರೂ ಆ ಕ್ಲಬ್ ಸಾಕು.

ಪ್ರಶಸ್ತಿಗಳು: ಯಾರಿಗೆ ಯಾವುದು

ಪ್ರಶಸ್ತಿಯ ಕಾಗದಕ್ಕಿಂತ ಅದು ದಿನವೂ ರೇಡಿಯೋ ಮುಂದೆ ಕೂರಿಸುವ ಬಗೆಯೇ ಹೆಚ್ಚಿನದು. ನಿಮ್ಮ ಸೆಟ್ಟಿಗೂ ಸ್ವಭಾವಕ್ಕೂ ಹೊಂದುವುದನ್ನು ಆರಿಸಿಕೊಂಡರೆ ಅರ್ಧದಲ್ಲಿ ಕೈಬಿಡುವುದು ತಪ್ಪುತ್ತದೆ.

ಮೊದಲ ಗುರಿಯಾಗಿ, ಆರು ಖಂಡಗಳ ಜೊತೆ ಮಾತಾಡಿದವರಿಗೆ ಸಿಗುವ ಡಬ್ಲ್ಯುಎಸಿ ಚೆನ್ನ. ಅಂಟಾರ್ಕ್ಟಿಕಾ ಲೆಕ್ಕಕ್ಕಿಲ್ಲ. ಐದು ವ್ಯಾಟ್‌ನಲ್ಲೂ ಆಗುತ್ತದೆ. ಅದರ ಮೇಲಿನದ್ದು ಎಲ್ಲರೂ ಬಾಯ್ತುಂಬ ಹೇಳುವ ಡಿಎಕ್ಸ್‌ಸಿಸಿ. ದೇಶ, ದ್ವೀಪ ಎಲ್ಲ ಸೇರಿ 340 ಘಟಕಗಳ ಪಟ್ಟಿಯಲ್ಲಿ ನೂರರ ಜೊತೆ ಖಚಿತವಾದ ಸಂಪರ್ಕ ಬೇಕು. ಮೊದಲ ಎಪ್ಪತ್ತು ಎಂಬತ್ತು ಸಲೀಸು, ಆಮೇಲೆ ಏದುಸಿರು. ಉತ್ತರ ಕೊರಿಯಾ, ಬೂವೆ ದ್ವೀಪದಂಥವಕ್ಕೆ ಹಲವರು ಹತ್ತಿಪ್ಪತ್ತು ವರ್ಷ ಕಾಯುತ್ತಾರೆ. ಅಪರೂಪದ ಕಡೆಯಿಂದ ಯಾರಾದರೂ ಬಂದಾಗ ಸಾವಿರಾರು ಜನ ಒಟ್ಟಿಗೆ ಕೂಗುವ ಪೈಲ್‌ಅಪ್‌ನಲ್ಲಿ ನಿಮ್ಮ ದನಿ ಕೇಳಿಸಬೇಕಾದರೆ 100 ವ್ಯಾಟೂ ಒಳ್ಳೆಯ ಆಂಟೆನಾವೂ ಬೇಕು. ತಾಳ್ಮೆ ಇನ್ನೂ ಹೆಚ್ಚು ಬೇಕು. ಖಚಿತಪಡಿಸಲು ಕಾರ್ಡನ್ನೇ ಕಾಯಬೇಕಿಲ್ಲ. 2003ರಿಂದ ಇರುವ ಲಾಗ್‌ಬುಕ್ ಆಫ್ ದಿ ವರ್ಲ್ಡ್‌ನಲ್ಲಿ ಇಬ್ಬರ ದಾಖಲೆ ಹೊಂದಿದರೆ ಸಾಕು.

ಕೂತು ಕಾಯುವುದು ಆಗದವರಿಗೆ ಬೆಟ್ಟವಿದೆ. 2002ರ ಮಾರ್ಚ್ 2ರಂದು ಶುರುವಾದ ಸೋಟಾ ಎಂಬ ಶಿಖರಗಳ ಪ್ರಶಸ್ತಿಯಲ್ಲಿ ಬೆಟ್ಟ ಹತ್ತಿ ನಾಲ್ಕು ಸಂಪರ್ಕ ಮಾಡಿದರೆ ಎತ್ತರಕ್ಕೆ ತಕ್ಕ ಅಂಕ. ವಾಹನದೊಳಗಿಂದ ಮಾತಾಡುವಂತಿಲ್ಲ. ಸಾವಿರ ಅಂಕ ಕೂಡಿಸಿದವರಿಗೆ 'ಮೌಂಟನ್ ಗೋಟ್' ಬಿರುದು. ಅವರನ್ನು ಮನೆಯಲ್ಲೇ ಕೂತು ಹಿಡಿಯುವವರು ಸಾವಿರ ಮುಟ್ಟಿದರೆ 'ಶ್ಯಾಕ್ ಸ್ಲಾತ್', ಶ್ಯಾಕಿನ ಅಂದರೆ ರೇಡಿಯೋ ಕೋಣೆಯ ಸೋಮಾರಿ. ಮಂಡಿ ನೋವಿದ್ದವರಿಗೆ ಉದ್ಯಾನಗಳ ಪೋಟಾ. ದಿನಕ್ಕೆ ಹತ್ತು ಸಂಪರ್ಕ ಆಗಬೇಕು, ಕಾರಿನಲ್ಲೇ ಕೂತು ಮಾಡಬಹುದು, ಮನೆಯಿಂದ ಅವರನ್ನು ಬೇಟೆಯಾಡುವವರಿಗೆ ಲಾಗ್ (ಸಂಪರ್ಕಗಳ ಪಟ್ಟಿ) ಕಳಿಸುವ ತಾಪತ್ರಯವೂ ಇಲ್ಲ. ಎರಡರಲ್ಲೂ ಒಂದು ಲಾಭವಿದೆ: ಮನೆಯ ಗದ್ದಲ ಹಿಂದೆ ಉಳಿಯುತ್ತದೆ, ಮೇಲಾಗಿ ನಿಮ್ಮನ್ನು ಹುಡುಕಿಕೊಂಡು ಜನ ಬರುತ್ತಾರೆ.

1964ರಿಂದ ನಡೆದಿರುವ ದ್ವೀಪಗಳ ಐಓಟಿಎ ಭೂಪಟ ನೋಡಿ ಕಳೆದುಹೋಗುವವರಿಗೆ. ವಿಎಚ್‌ಎಫ್ ಮತ್ತು ಉಪಗ್ರಹದವರಿಗೆ ಭೂಮಿಯನ್ನು ಒಂದು ಡಿಗ್ರಿಗೆ ಎರಡು ಡಿಗ್ರಿಯ ಚೌಕಗಳಾಗಿ ಹಂಚಿ, ಎಷ್ಟು ಚೌಕಗಳ ಜೊತೆ ಸಂಪರ್ಕವಾಯಿತೆಂದು ಎಣಿಸುವ ವಿಯುಸಿಸಿ, ಹ್ಯಾಂಡಿ ಕೊಂಡವರಿಗೂ ಉಪಗ್ರಹದ ಮೂಲಕ ಅಲ್ಲೊಂದು ಜಾಗವಿದೆ.

ನೀವು ಯಾವ ಕಡೆ?

ಬಾಲ್ಕನಿ ಮಾತ್ರ ಇದೆ, ದುಡ್ಡೂ ಕಡಿಮೆ ಎಂದಾದರೆ: ಹತ್ತಿರ ರಿಪೀಟರ್ ಇದ್ದರೆ ಹ್ಯಾಂಡಿ, ಆಮೇಲೆ ಉಪಗ್ರಹದ ಪ್ರಯತ್ನ. ರಿಪೀಟರ್ ಇಲ್ಲದಿದ್ದರೆ ಹ್ಯಾಂಡಿಯ ಆಸೆ ಬಿಟ್ಟು ಮೋರ್ಸ್ ಕಲಿತು ಒಂದು ಕಿಟ್ ಕಟ್ಟಿ, ರಜೆಯ ದಿನ ತಂತಿ ಹಿಡಿದು ಹೊರಗೆ ಹೋಗಿ.

ಬಾಲ್ಕನಿಯೇ, ಆದರೆ ದುಡ್ಡಿದೆ: ಬ್ಯಾಟರಿಯಲ್ಲಿ ನಡೆಯುವ ಕ್ಯೂಆರ್‌ಪಿ ರಿಗ್, ಎಂಡ್‌ಫೆಡ್ ತಂತಿ, ಸೋಟಾ ಅಥವಾ ಪೋಟಾ. ಮನೆಯಲ್ಲಿದ್ದಾಗ ಲೂಪ್ ಹಾಕಿ ಎಫ್‌ಟಿ8.

ಛಾವಣಿ ಅಥವಾ ಹಿತ್ತಲಿದೆ, ಸಂಜೆ ಬಿಡುವಿದೆ: ಹಳೆಯದಾದರೂ ಸರಿ, ಪರೀಕ್ಷಿಸಿ ಕೊಂಡ 100 ವ್ಯಾಟ್‌ನ ರಿಗ್, 40 ಮೀಟರ್ ಬ್ಯಾಂಡಿನ ಡೈಪೋಲ್. ಡಬ್ಲ್ಯುಎಸಿಯಿಂದ ಶುರುಮಾಡಿ.

ಇನ್ನೂ ತೀರ್ಮಾನವಾಗದವರು ಇವತ್ತು ಸಂಜೆ 14.100ರಲ್ಲಿ ಆ ಗೆರೆಗಳನ್ನು ಎಣಿಸಿ. ನಾಳೆ ಬೆಳಕಿದ್ದಾಗ ಟೇಪ್ ಹಿಡಿದು ಛಾವಣಿ ಹತ್ತಿ.